ಕೆಲವು ಮಳೆಗಾಲ ಕಳೆದ ಮೇಲೆ ನ್ಯಾನೋವಿಎನ್‌ಎ

ಹ್ಯಾಮ್ ರೇಡಿಯೋದಲ್ಲಿ, ಅಂದರೆ ಹವ್ಯಾಸಕ್ಕೆ ನಡೆಸುವ ರೇಡಿಯೋ ಸಂಪರ್ಕದಲ್ಲಿ, ದುಡ್ಡೆಲ್ಲ ಸೆಟ್ಟಿಗೆ ಹೋಗುತ್ತದೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಸೆಟ್ ಒಂದು ಸಲದ ಖರ್ಚು. ಮತ್ತೆ ಮತ್ತೆ ಕೈ ಕಚ್ಚುವುದು ಕೇಬಲ್, ಕನೆಕ್ಟರ್, ಆಂಟೆನಾ. ಅದರಲ್ಲೂ ಕೊಡಗಿನಲ್ಲಿ ಜೂನ್‌ಗೆ ಹಿಡಿದ ಮಳೆ ಕೈಲ್‌ಪೊಳ್ದ್ ಹತ್ತಿರ ಬಂದರೂ ಪೂರ್ತಿ ಬಿಡುವುದಿಲ್ಲ. ಹೊರಗೆ ಕಟ್ಟಿದ್ದಕ್ಕೆ ಆಯಸ್ಸು ಕಮ್ಮಿ. ಯಾವುದನ್ನು ಬದಲಿಸಬೇಕು, ಯಾವುದಕ್ಕೆ ಸುಮ್ನೆ ದುಡ್ಡು ಸುರಿಯುತ್ತಿದ್ದೇವೆ ಅಂತ ತಿಳಿಯಲು ನಾನು ಕೊಂಡಿದ್ದು ನ್ಯಾನೋವಿಎನ್‌ಎ ಅನ್ನುವ, ಆಂಟೆನಾ ಮತ್ತು ಕೇಬಲ್ ಅಳೆಯುವ ಈ ಪುಟ್ಟ ಯಂತ್ರ.

ನನ್ನದು 2.8 ಇಂಚಿನ ಪರದೆಯ ಮಾಡೆಲ್. ಮೂಲ ವಿನ್ಯಾಸ ಜಪಾನಿನ ಒಬ್ಬ ಹವ್ಯಾಸಿಯದು, ತಯಾರಾಗುವುದು ಚೀನಾದಲ್ಲಿ. 50 ಕಿಲೋಹರ್ಟ್ಜ್‌ನಿಂದ 900 ಮೆಗಾಹರ್ಟ್ಜ್‌ವರೆಗೆ ಅಳೆಯುತ್ತದೆ. 300ರ ಮೇಲೆ ಹಾರ್ಮೋನಿಕ್ (ಮೂಲ ಸಂಕೇತದ ಗುಣಕ ಫ್ರೀಕ್ವೆನ್ಸಿ) ಬಳಸಿ ಕೆಲಸ ಮಾಡುವುದರಿಂದ ಅಲ್ಲಿ ನಿಖರತೆ ಸ್ವಲ್ಪ ಇಳಿಯುತ್ತದೆ. ನಾನು ಅಷ್ಟು ಮೇಲೆ ಹೋಗುವುದೇ ಅಪರೂಪ, ಹಾಗಾಗಿ ತಕರಾರಿಲ್ಲ. ನಾನು ಕೊಂಡಾಗ ಐದು ಸಾವಿರದ ಆಸುಪಾಸು ಇತ್ತು. ಅದರ ಮೇಲೆ ಅಡಾಪ್ಟರ್‌ಗಳ ಖರ್ಚು ಬೇರೆ. ಯಂತ್ರದಲ್ಲಿರುವುದು ಸಣ್ಣ ಎಸ್‌ಎಂಎ ಸಾಕೆಟ್, ನಮ್ಮ ಕೇಬಲ್ ತುದಿಯಲ್ಲಿರುವುದು ದಪ್ಪ ಪಿಎಲ್-259. ಬಜೆಟ್ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.

ಮೊದಲು ತಂತಿಯ ವಿಷಯ. 143ನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ಡೈಪೋಲಿನ (ನಡುವಿನಿಂದ ಎರಡು ಬದಿಗೆ ಎಳೆದ ತಂತಿ ಆಂಟೆನಾ) ಉದ್ದ ಮೀಟರ್‌ನಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 20.1 ಮೀಟರ್. ಆದರೆ ಇದು ಬಯಲಿನ ಲೆಕ್ಕ. ನಮ್ಮದು ಸಿಲ್ವರ್ ಓಕ್ ಮರಗಳ ನಡುವೆ, ಮೆಣಸಿನ ಬಳ್ಳಿಗಳ ಪಕ್ಕ ಎಳೆದ ತಂತಿ. ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ಇನ್ನೂ ಗಿಡ್ಡ ಬೇಕಾಗುತ್ತದೆ. ಎಲೆ, ತೊಗಟೆ ಎಲ್ಲ ನೆನೆದ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಅದೇ ಆಂಟೆನಾ ಬೇಸಿಗೆಗಿಂತ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಕೂರುತ್ತದೆ. ಯಂತ್ರದ ಪರದೆಯಲ್ಲಿ ಗೆರೆಯ ತಗ್ಗು ಎಡಕ್ಕೆ ಜರುಗಿದ್ದು ಎದ್ದು ಕಾಣುತ್ತದೆ. 100 ಕಿಲೋಹರ್ಟ್ಜ್ ತಿದ್ದಬೇಕೆಂದರೆ ಒಟ್ಟು ಸುಮಾರು 28 ಸೆಂಟಿಮೀಟರ್, ಅಂದರೆ ಒಂದೊಂದು ಬದಿಗೆ 14. ಕತ್ತರಿಸಬೇಡಿ, ತುದಿ ಮಡಚಿ ಸುತ್ತಿಡಿ. ಬೇಸಿಗೆಗೆ ಬಿಚ್ಚಿಕೊಳ್ಳಬಹುದು.

ಇನ್ನು ಕೇಬಲ್. ನನ್ನ ಪ್ರಕಾರ ಈ ಯಂತ್ರ ತನ್ನ ದುಡ್ಡು ವಾಪಸ್ ಕೊಡುವುದು ಇಲ್ಲೇ. ಹೆಚ್ಚಿನವರು ಎಸ್‌ಡಬ್ಲ್ಯುಆರ್ (ಆಂಟೆನಾ ಕಡೆಯಿಂದ ಎಷ್ಟು ಅಲೆ ವಾಪಸ್ ಬರುತ್ತದೆ ಅನ್ನುವ ಅಳತೆ) ಮಾತ್ರ ನೋಡುತ್ತಾರೆ. ಕಮ್ಮಿ ಇದ್ದರೆ ಖುಷಿ. ಆದರೆ ಒಂದು ಲೆಕ್ಕ ನೋಡಿ. ತೆಳು ಆರ್‌ಜಿ-58 ಕೇಬಲ್ 145 ಮೆಗಾಹರ್ಟ್ಜ್‌ನಲ್ಲಿ 100 ಮೀಟರಿಗೆ ಸುಮಾರು 20 ಡಿಬಿ (ಡೆಸಿಬೆಲ್, ನಷ್ಟದ ಅಳತೆ) ತಿನ್ನುತ್ತದೆ. ಮನೆಯಿಂದ ಮರದ ತುದಿಗೆ 30 ಮೀಟರ್ ಎಳೆದರೆ 6 ಡಿಬಿ, ಅಂದರೆ ಉಳಿಯುವುದು ನಾಲ್ಕನೇ ಒಂದು ಭಾಗ. 5 ವ್ಯಾಟ್ ಬಿಟ್ಟರೆ ಮೇಲೆ ತಲುಪುವುದು ಒಂದೂಕಾಲು ವ್ಯಾಟ್! ಇನ್ನೂ ತಮಾಷೆ ಅಂದರೆ, ಆ ಕೇಬಲ್ ತುದಿಯಲ್ಲಿ ಆಂಟೆನಾನೇ ಇಲ್ಲದಿದ್ದರೂ ಕೆಳಗೆ ಎಸ್‌ಡಬ್ಲ್ಯುಆರ್ 1.7ರ ಹತ್ತಿರ ತೋರಿಸುತ್ತದೆ. ಹೋದ ಅಲೆ, ವಾಪಸ್ ಬಂದ ಅಲೆ ಎರಡನ್ನೂ ಕೇಬಲ್ಲೇ ನುಂಗಿರುತ್ತದೆ ಅಲ್ವಾ. ಕೇಬಲ್ ಒಳಗೆ ನೀರು ಇಳಿದರೂ ಇದೇ ಕಥೆ. ನಷ್ಟ ಜಾಸ್ತಿಯಾಗುತ್ತಾ ಹೋದ ಹಾಗೆ ಮೀಟರ್ ಇನ್ನೂ ಚೆಂದ ಕಾಣುತ್ತದೆ. ಮಳೆಗಾಲ ಮುಗಿದ ಮೇಲೆ ಆಂಟೆನಾ ತಾನಾಗಿಯೇ ಸುಧಾರಿಸಿದಂತೆ ಕಂಡರೆ ನಾನು ಮೊದಲು ಸಂಶಯಪಡುವುದು ಕೇಬಲ್ಲನ್ನೇ.

ಪರೀಕ್ಷೆ ಸುಲಭ. ಮೇಲಿನ ತುದಿಯನ್ನು ಬಿಚ್ಚಿ ತೆರೆದಿಡಿ. ಕೆಳಗಿನಿಂದ ರಿಟರ್ನ್ ಲಾಸ್ (ವಾಪಸ್ ಬಂದ ಅಲೆ ಎಷ್ಟು ಡಿಬಿ ಇಳಿದಿದೆ ಅನ್ನುವುದು) ಓದಿ, ಅಲೆ ಎರಡು ಸಲ ಕೇಬಲ್ ದಾಟಿರುವುದರಿಂದ ಅರ್ಧ ಮಾಡಿ. ಅದೇ ಕೇಬಲಿನ ನಷ್ಟ. ಪ್ರತಿ ಅಕ್ಟೋಬರ್‌ನಲ್ಲಿ, ತುಲಾ ಸಂಕ್ರಮಣದ ಆಸುಪಾಸು ಇದನ್ನು ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಹಿಂದಿನ ವರ್ಷಕ್ಕಿಂತ ಎಷ್ಟು ಏರಿದೆ ಅನ್ನುವುದೇ ಮುಖ್ಯ. ಆ ಲೆಕ್ಕದ ಮೇಲೆಯೇ 145ರ ಆಂಟೆನಾಗೆ ದಪ್ಪ ಆರ್‌ಜಿ-213 ಹಾಕಿದೆ. 7 ಮೆಗಾಹರ್ಟ್ಜ್ ಡೈಪೋಲಿಗೆ ಹಳೆಯ ಆರ್‌ಜಿ-58 ಹಾಗೇ ಬಿಟ್ಟೆ. ಅಲ್ಲಿ 30 ಮೀಟರಿಗೆ ನಷ್ಟ ಬರೀ ಒಂದು ಡಿಬಿ ಚಿಲ್ಲರೆ. ಅದಕ್ಕೂ ದುಬಾರಿ ಕೇಬಲ್ ಹಾಕಿದ್ದರೆ ಆ ದುಡ್ಡು ತೋಟದ ಗುಂಡಿಗೆ ಎಸೆದ ಹಾಗೆ.

ಟಿಡಿಆರ್ ಅನ್ನುವ ಸೌಲಭ್ಯವೂ ಇದೆ. ಕೇಬಲ್ ಎಲ್ಲಿ ತುಂಡಾಗಿದೆ ಅಂತ ಮೀಟರ್ ಲೆಕ್ಕದಲ್ಲಿ ಹೇಳುತ್ತದೆ. ಆನೆ ಬಂದು ಹೋದ ಮೇಲೆ ಉಪಯೋಗಕ್ಕೆ ಬರುತ್ತದೆ! ಆದರೆ ಸೆಟ್ಟಿಂಗ್ ತಿಳಿದಿರಬೇಕು. ನನ್ನ ಯಂತ್ರ ಒಂದು ಸಲಕ್ಕೆ 101 ಬಿಂದು ಅಳೆಯುತ್ತದೆ. ಸ್ಪ್ಯಾನ್ (ಅಳೆಯುವ ಫ್ರೀಕ್ವೆನ್ಸಿ ವ್ಯಾಪ್ತಿ) 900 ಮೆಗಾಹರ್ಟ್ಜ್ ಬಿಟ್ಟರೆ ಸಾಮಾನ್ಯ ಕೇಬಲಿನಲ್ಲಿ ಕಾಣುವುದು 11 ಮೀಟರ್ ಮಾತ್ರ. 300ಕ್ಕೆ ಇಳಿಸಿದರೆ 33 ಮೀಟರ್ ಕಾಣುತ್ತದೆ, ಬದಲಿಗೆ ಸೂಕ್ಷ್ಮತೆ ಮೂರನೇ ಒಂದಕ್ಕೆ ಇಳಿಯುತ್ತದೆ. ವೆಲಾಸಿಟಿ ಫ್ಯಾಕ್ಟರ್ (ಬೆಳಕಿನ ವೇಗಕ್ಕೆ ಹೋಲಿಸಿದರೆ ಕೇಬಲಿನೊಳಗೆ ಅಲೆಯ ವೇಗ) 66 ಶೇಕಡಾ ಹಾಕುವುದು ಮರೆಯಬೇಡಿ. ಫೋಮ್ ಕೇಬಲ್ ಆದರೆ 80ರ ಹತ್ತಿರ.

ಬೇಸರದ ವಿಷಯಗಳೂ ಇವೆ. ಬಿಸಿಲಿಗೆ ಪರದೆ ಕಾಣುವುದಿಲ್ಲ. ಮಡಿಕೇರಿಯ ಮಂಜಿನಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ, ಆದರೆ ಮಂಜಿನಲ್ಲಿ ಅದನ್ನು ಹೊರಗೆ ತೆಗೆಯಲು ಮನಸ್ಸು ಬರುವುದಿಲ್ಲ. ಪಕ್ಕದ ತಿರುಗಿಸುವ ಗುಂಡಿ ನಾಜೂಕು, ನನ್ನದು ಈಗಲೇ ಸಡಿಲ. ಎಸ್‌ಎಂಎ ಸಾಕೆಟ್ಟಿಗೆ ಸಾಮಾನ್ಯವಾಗಿ ಹೇಳುವ ಬಾಳಿಕೆ 500 ಜೋಡಣೆ. ಆದ್ದರಿಂದ ಒಂದು ಅಡಾಪ್ಟರ್ ಕಾಯಂ ಹಾಕಿಟ್ಟು, ಸವೆಯುವುದಿದ್ದರೆ ಅದು ಸವೆಯಲಿ ಅಂತ ಬಿಟ್ಟಿದ್ದೇನೆ. ಬೂಷ್ಟಿನ ಕಾಟಕ್ಕೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡುತ್ತೇನೆ. ಏಪ್ರಿಲ್‌ನ ಗುಡುಗು ಮಳೆ ಕಾಣಿಸಿದ ದಿನ ಆಂಟೆನಾಗೆ ಜೋಡಿಸುವುದೇ ಇಲ್ಲ. ಬೇರೆ ದಿನವೂ ಕೇಬಲಿನ ನಡುವಿನ ತಂತಿಯನ್ನು ಹೊರಗಿನ ಜಾಲರಿಗೆ ಒಮ್ಮೆ ಮುಟ್ಟಿಸಿಯೇ ಸಿಕ್ಕಿಸುವುದು. ಉದ್ದ ತಂತಿಯಲ್ಲಿ ಕೂತ ಸ್ಥಿರ ವಿದ್ಯುತ್ ಸಾಕು, ಒಳಗಿನ ಚಿಪ್ ಸುಡಲು.

ಓಪನ್, ಶಾರ್ಟ್, ಲೋಡ್ ಕ್ಯಾಲಿಬ್ರೇಶನ್ (ತುದಿ ತೆರೆದು, ಶಾರ್ಟ್ ಮಾಡಿ, 50 ಓಮ್ ಹಾಕಿ ಯಂತ್ರವನ್ನು ಸರಿಹೊಂದಿಸುವುದು) ಪ್ರತಿ ಸಲ ಮಾಡಬೇಕು, ಫ್ರೀಕ್ವೆನ್ಸಿ ವ್ಯಾಪ್ತಿ ಬದಲಾಯಿಸಿದರೆ ಮತ್ತೊಮ್ಮೆ. ಸೋಮಾರಿಗಳಿಗೆ ಇದು ತಲೆನೋವು. 7 ಮತ್ತು 145ಕ್ಕೆ ಒಂದೊಂದು ಮೆಮೊರಿಯಲ್ಲಿ ಉಳಿಸಿಟ್ಟುಕೊಂಡರೆ ಕೆಲಸ ಬೇಗ ಆಗುತ್ತದೆ.

ಈಗ ಕೊಳ್ಳುವವರು ಕಣ್ಣು ಸ್ವಲ್ಪ ಮಂದವಾಗಿದ್ದರೆ 4 ಇಂಚಿನದಕ್ಕೇ ಹೋಗಿ, ಅದರಲ್ಲಿ ಬ್ಯಾಟರಿಯೂ ದೊಡ್ಡದು. ಒಳಗೆ ಲೋಹದ ಶೀಲ್ಡ್ ಇಲ್ಲದ ಅಗ್ಗದ ನಕಲುಗಳೂ ಮಾರಾಟಕ್ಕಿವೆ. ದುಡ್ಡು ಕೊಡುವ ಮುಂಚೆ ಒಳಗಿನ ಫೋಟೋ ಕೇಳಿ.