ಹಳೆಯ ಮನೆಯ ಸಿಮೆಂಟ್ ಪತ್ರಾಸು ಒಡೆಸುವ ಮುನ್ನ

ಬೆಳಗಾವಿಯ ಶಹಾಪುರದಲ್ಲಿರುವ ನಮ್ಮ ಮನೆಗೆ ಮಂಗಳೂರು ಹೆಂಚು, ಹೆಂಚಿನ ಕೆಳಗೆ ಸಾಗವಾನಿ ಜಂತಿ, ಜಂತಿಯ ಕೆಳಗೆ ಬೂದು ಬಣ್ಣದ ಚಪ್ಪಟೆ ಸಿಮೆಂಟ್ ಪತ್ರಾಸು. ಹೆಂಚಿನ ಸಂದಿಯಿಂದ ಉದುರುವ ಮಣ್ಣು, ಇಲಿಯ ಹಿಕ್ಕೆ ಊಟದ ತಾಟಿಗೆ ಬೀಳಬಾರದೆಂದು ಅಜ್ಜ ಎಪ್ಪತ್ತರ ದಶಕದಲ್ಲಿ ಪಡಸಾಲೆಗೂ ಎರಡು ಕೋಣೆಗಳಿಗೂ ಅದನ್ನು ಹೊಡೆಸಿದ್ದರು. ನಾವೆಲ್ಲ ಅದರ ಕೆಳಗೇ ಆಡಿ ಬೆಳೆದವರು. ಎರಡು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಪಡಸಾಲೆಯ ಪತ್ರಾಸು ತೆಗೆಸಿದೆವು. ನಾವು ತೆಗೆಸಿದ ರೀತಿಯಲ್ಲಿ ಇನ್ಯಾರೂ ತೆಗೆಸಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೂಲೆಯಲ್ಲಿ ಹೆಂಚು ಸೋರಿ ಎರಡು ಹಾಳೆಗಳು ಜೋತುಬಿದ್ದಿದ್ದವು. ಅವೆರಡಕ್ಕೆ ಯಾಕೆ ತೇಪೆ ಹಾಕುತ್ತೀರಿ, ಎಲ್ಲವನ್ನೂ ಕಿತ್ತು ಪಿಓಪಿ ಮಾಡಿಸಿಬಿಡಿ ಎಂದ ಗುತ್ತಿಗೆದಾರನ ಮಾತಿಗೆ ಮನೆಯವರೆಲ್ಲ ತಲೆಯಾಡಿಸಿದೆವು. ಮೊಳೆಗಳು ತುಕ್ಕು ಹಿಡಿದು ಬಿಚ್ಚಲು ಬಾರದ ಕಾರಣ ಇಬ್ಬರು ಆಳುಗಳು ಕೆಳಗೆ ನಿಂತೇ ಸುತ್ತಿಗೆಯಿಂದ ಹೊಡೆದು ಹಾಳೆಗಳನ್ನು ಕೆಡವಿದರು. ಗೋಡೆಯ ಅಂಚಿನಲ್ಲಿ ಸಿಕ್ಕಿಕೊಂಡದ್ದನ್ನು ಕಟ್ಟರ್ ಯಂತ್ರ ಹಿಡಿದು ಕೊಯ್ದರು. ಅವರ ಮುಖಕ್ಕೆ ಕಟ್ಟಿದ್ದು ಹೆಗಲ ಮೇಲಿನ ಟವೆಲ್ಲು ಮಾತ್ರ. ಧೂಳು ಬೇಗ ಹೊರಗೆ ಹೋಗಲೆಂದು ಟೇಬಲ್ ಫ್ಯಾನು ತಂದಿಟ್ಟವನು ನಾನೇ. ಸಂಜೆ ಅವ್ವ ಒಣ ಕಸಬರಿಗೆಯಿಂದ ಪಡಸಾಲೆ ಗುಡಿಸಿದಳು. ಓಣಿಯ ಹುಡುಗರು ಚೂರುಗಳನ್ನು ಎತ್ತಿಕೊಂಡು ಹೋಗಿ ಕುಂಟಾಬಿಲ್ಲೆಯ ಮನೆ ಬರೆದರು, ಏಕೆಂದರೆ ಅದು ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಂತೆಯೇ ಮೂಡುತ್ತದೆ. ಈ ಒಂದು ನೆನಪು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನಾಲ್ಕು ದಿನ ಕಳೆದ ಮೇಲೆ ಪುಣೆಯ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ವಿಭಾಗದಲ್ಲಿರುವ ನಮ್ಮ ಸಂಬಂಧಿಕ ಬಂದವನು, ಹಿತ್ತಲಲ್ಲಿ ಬಿದ್ದಿದ್ದ ಒಂದು ದೊಡ್ಡ ಚೂರಿನ ಬೆನ್ನಿಗಿದ್ದ ಮಾಸಿದ ಮುದ್ರೆಯನ್ನು ಓದಿ ಸುಮ್ಮನೆ ನಿಂತ. ಅಲ್ಲಿ ಐಎಸ್ 2096 ಎಂದಿತ್ತು; ಅದು ಚಪ್ಪಟೆ ಆಸ್ಬೆಸ್ಟಾಸ್ (ಕಲ್ನಾರು) ಸಿಮೆಂಟ್ ಹಾಳೆಗಳಿಗೆ ಭಾರತೀಯ ಮಾನಕ ಕೊಟ್ಟಿರುವ ಸಂಖ್ಯೆ. ಬೆರಳುಗುರಿನಷ್ಟು ಚೂರನ್ನು ಪ್ರಯೋಗಾಲಯಕ್ಕೆ ಕಳಿಸಿದಾಗ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಕ್ರೈಸೊಟೈಲ್, ಅಂದರೆ ಬಿಳಿ ಕಲ್ನಾರು.

ಕಲ್ನಾರು ಎಂಬ ಹೆಸರನ್ನು ಶಾಲೆಯಲ್ಲಿ ಓದಿದ್ದೆವು. ಬೆಂಕಿಗೆ ಉರಿಯದ ಕಲ್ಲಿನ ನಾರು, ಅಷ್ಟೇ ಗೊತ್ತು. ಆ ನಾರು ಸಿಮೆಂಟಿನೊಳಗೆ ಬಿಗಿಯಾಗಿ ಕುಳಿತು ಹಾಳೆ ಗಟ್ಟಿಯಾಗಿರುವವರೆಗೆ ಅಪಾಯ ಬಹಳ ಕಡಿಮೆ. ಒಡೆದಾಗ, ಕೊಯ್ದಾಗ, ತೂತು ಕೊರೆದಾಗ, ಉಜ್ಜಿದಾಗ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗಿ ಬಿಡಿಸಿಕೊಂಡು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಮತ್ತು ಒಣ ಕಸಬರಿಗೆ ಕುಳಿತ ಎಳೆಗಳನ್ನು ಮತ್ತೆ ಎಬ್ಬಿಸುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿದ ಎಳೆಗಳಲ್ಲಿ ಕೆಲವು ಅಲ್ಲಿಯೇ ಉಳಿಯುತ್ತವೆ. ಶ್ವಾಸಕೋಶದ ಕ್ಯಾನ್ಸರ್, ಅದರ ಪೊರೆಗೆ ತಗಲುವ ಮೆಸೊಥೆಲಿಯೋಮ, ಉಸಿರು ಕಟ್ಟಿಸುವ ಆಸ್ಬೆಸ್ಟೋಸಿಸ್ ಇವೆಲ್ಲ ಸಾಮಾನ್ಯವಾಗಿ ಹತ್ತಾರು ವರ್ಷಗಳ ನಂತರ ಕಾಣಿಸಿಕೊಳ್ಳುವ ರೋಗಗಳು. ಅಜ್ಜ ಹೊಡೆಸಿದ ಪತ್ರಾಸು ಅಷ್ಟು ವರ್ಷ ನಮಗೇನೂ ಮಾಡಿರಲಿಕ್ಕಿಲ್ಲ; ಮಲಗಿದ್ದದ್ದನ್ನು ಎರಡು ತಾಸಿನಲ್ಲಿ ಎಬ್ಬಿಸಿದವರು ನಾವು.

ವೈದ್ಯರು ನೇರವಾಗಿ ಮಾತನಾಡಿದರು. ಈಗ ತೆಗೆದ ಎಕ್ಸ್-ರೇಯಲ್ಲಿ ಏನೂ ಕಾಣುವುದಿಲ್ಲ, ಒಂದು ದಿನದ ಧೂಳಿನಿಂದ ರೋಗ ಬರುವ ಸಂಭವ ಕಡಿಮೆ, ಎಷ್ಟು ಧೂಳು ಎಷ್ಟು ಕಾಲ ಒಳಗೆ ಹೋಯಿತೆಂಬುದೇ ಮುಖ್ಯ ಎಂದರು. ಆದರೆ ಬೀಡಿ, ಸಿಗರೇಟು ಸೇದುವವರಲ್ಲಿ ಕಲ್ನಾರಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯ ಬಹಳ ಪಟ್ಟು ಏರುತ್ತದೆ ಎಂದಾಗ ನನಗೆ ಸುತ್ತಿಗೆ ಹಿಡಿದಿದ್ದ ಆ ಆಳಿನ ನೆನಪಾಯಿತು: ಊಟದ ಬಿಡುವಿನಲ್ಲಿ ಧೂಳಿನ ಕೈಯಲ್ಲೇ ಬೀಡಿ ಹಚ್ಚಿದ್ದ. ನಮಗೆ ಅದು ಒಂದು ದಿನ, ಅವನಿಗೆ ವರ್ಷಕ್ಕೆ ಎಷ್ಟು ದಿನವೋ. ಹುಡುಕಿ ಹೋಗಿ ಹೇಳಿದೆ. ನಕ್ಕುಬಿಟ್ಟ.

ಮುಂದಿನ ವಾರವೆಲ್ಲ ಒದ್ದೆ ಬಟ್ಟೆಯಿಂದ ಒರೆಸುವುದರಲ್ಲೇ ಹೋಯಿತು. ಸಾಮಾನ್ಯ ವ್ಯಾಕ್ಯೂಮ್ ಯಂತ್ರವೂ ಈ ಎಳೆಗಳನ್ನು ಹಿಂಬದಿಯಿಂದ ಗಾಳಿಗೇ ಬಿಡುತ್ತದೆಂದು ಆಗ ತಿಳಿಯಿತು. ಪಡಸಾಲೆಯ ಗಾದಿ, ಪರದೆಗಳನ್ನು ಎಸೆದೆವು. ಗುತ್ತಿಗೆದಾರನೋ ಅಷ್ಟರಲ್ಲಿ ಒಂದಿಷ್ಟು ಚೂರುಗಳನ್ನು ಟ್ರ್ಯಾಕ್ಟರಿನಲ್ಲಿ ಒಯ್ದು ರಸ್ತೆಯ ತಗ್ಗು ತುಂಬಿದ್ದ, ಮುರಿಯದೆ ಉಳಿದ ಮೂರು ಹಾಳೆಗಳನ್ನು ದನದ ಕೊಟ್ಟಿಗೆಗೆ ಮಾರಿದ್ದ. ನಮ್ಮ ದೇಶದಲ್ಲಿ ಕಲ್ನಾರನ್ನು ಅಗೆಯುವುದಕ್ಕೆ ಹೊಸ ಪರವಾನಗಿ ಕೊಡುವುದು ನಿಂತು ದಶಕಗಳಾದರೂ ರಷ್ಯಾ ಮೊದಲಾದ ಕಡೆಯಿಂದ ಅದು ಬರುತ್ತಲೇ ಇದೆ, ಸಿಮೆಂಟ್ ಶೀಟುಗಳ ಮಾರಾಟ ನಡೆದೇ ಇದೆ. ಹೀಗಿರುವಾಗ ಅವನೊಬ್ಬನನ್ನು ಬೈದು ಏನು ಪ್ರಯೋಜನ?

ತೆಗೆಸಲೇಬೇಕಾದರೆ ಮೊದಲು ಮನೆ ಖಾಲಿ ಮಾಡಿ, ಫ್ಯಾನು ಹಾಕದೆ, ಸೋಪಿನ ನೀರನ್ನು ಸಣ್ಣಗೆ ಸಿಂಪಡಿಸಿ ಹಾಳೆಯನ್ನು ಎರಡೂ ಬದಿ ತೋಯಿಸಬೇಕು. ಮೊಳೆಯನ್ನು ಕೈಯಲ್ಲಿ ಕಿತ್ತು, ಹಾಳೆಯನ್ನು ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಮೇಲೆ ಕಲ್ನಾರು ಎಂದು ಬರೆಯಬೇಕು. ಸುತ್ತಿಗೆ, ಕಟ್ಟರ್ ಎರಡೂ ಬೇಡ. ಕೆಲಸದವರಿಗೆ ಕಲ್ನಾರಿಗೆ ತಕ್ಕ ಫಿಲ್ಟರಿನ ಮುಖಕವಚ ಬೇಕು, ಬಟ್ಟೆಯ ಮಾಸ್ಕು ಇದಕ್ಕೆ ಏನೇನೂ ಸಾಲದು. ಆ ದಿನದ ಬಟ್ಟೆ ಮನೆಯ ಬಟ್ಟೆಯ ಜೊತೆ ಒಗೆಯಲು ಬೀಳಬಾರದು. ಅಪಾಯಕಾರಿ ತ್ಯಾಜ್ಯ ಒಯ್ಯುವ ಪರವಾನಗಿ ಯಾರಿಗಿದೆ ಎಂಬುದನ್ನು ಕೆಲಸಕ್ಕೆ ಕೈ ಹಾಕುವ ಮೊದಲೇ ವಿಚಾರಿಸಿ. ನಾವು ಕೆಡವಿದ ಮೇಲೆ ವಿಚಾರಿಸಲು ಹೋದ ಕಾರಣ, ಉಳಿದ ಚೂರುಗಳನ್ನು ಕಟ್ಟಿಟ್ಟ ಏಳು ಗಂಟುಗಳು ತಿಂಗಳುಗಟ್ಟಲೆ ಹಿತ್ತಲಲ್ಲೇ ಕುಳಿತಿದ್ದವು.

ಉಳಿದ ಎರಡು ಕೋಣೆಗಳ ಪತ್ರಾಸು ಗಟ್ಟಿಯಿದೆ. ಅದನ್ನು ಕೆರೆಯದೆ, ಉಜ್ಜದೆ ಹಾಗೆಯೇ ಎರಡು ಕೈ ಬಣ್ಣ ಬಳಿಸಿದ್ದೇವೆ, ಮಳೆಗಾಲಕ್ಕೆ ಮುನ್ನ ಮೇಲಿನ ಹೆಂಚು ತಿರುವಿಸುತ್ತೇವೆ. ಮುಂದೆ ಯಾವನಾದರೂ ವೈರಿಂಗಿನವನು ಡ್ರಿಲ್ ಹಿಡಿದು ಬಂದರೆ ಕಾಣಲಿ ಎಂದು ಎರಡೂ ಕೋಣೆಗಳ ಸ್ವಿಚ್ ಬೋರ್ಡಿನ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ: ಮೇಲೆ ಕಲ್ನಾರು, ಕೊರೆಯಬೇಡಿ.