ಕುದುರೆ ಕತ್ತಿನ ಎಕ್ಸ್-ರೇ: ಮೂರು ಅಳತೆಗಳಲ್ಲಿ ನಾನು ಯಾವುದನ್ನು ನಂಬುತ್ತೇನೆ

ಎಳೆಯ ಕುದುರೆಯೊಂದು ಹಿಂಗಾಲು ಓಲಾಡಿಸುತ್ತಾ ನಡೆದರೆ ಮೊದಲು ಅನುಮಾನ ಹೋಗುವುದು ಕತ್ತಿನ ಮೇಲೆ. ಕತ್ತಿನ ಮೂಳೆಗಳ ಒಳಗಿನ ಕಾಲುವೆ ಕಿರಿದಾಗಿ ಬೆನ್ನುಹುರಿ ಒತ್ತಿಹೋದರೆ ಹೀಗಾಗುತ್ತದೆ. ವಾಬ್ಲರ್ ಅಂತ ಕರೆಯುವುದು ಇದನ್ನೇ. ತೊಂದರೆ ಏನೆಂದರೆ, ಎಕ್ಸ್-ರೇಯಲ್ಲಿ ಬೆನ್ನುಹುರಿ ಕಾಣುವುದೇ ಇಲ್ಲ. ಕಾಣುವುದು ಮೂಳೆ ಮಾತ್ರ. ಮೂಳೆಯ ಮೇಲೆ ಗೆರೆ ಎಳೆದು, ಅಳೆದು, ಒಳಗಿನ ಜಾಗ ಸಾಕಾಗುತ್ತದಾ ಅಂತ ಲೆಕ್ಕ ಹಾಕಬೇಕು. ಆ ಲೆಕ್ಕದ ಮೇಲೆ ಒಂದು ಪ್ರಾಣಿಯ ಮುಂದಿನ ಬದುಕು ನಿಂತಿರುತ್ತದೆ.

ಅದಕ್ಕೇ ನನ್ನ ಅಳತೆಯನ್ನು ನಾನೇ ಪರೀಕ್ಷಿಸಿ ನೋಡಿದೆ. ಅವೇ ಚಿತ್ರಗಳನ್ನು ಬೇರೆ ಬೇರೆ ದಿನ ಮೂರು ಸಲ ಅಳೆದೆ. ಹಿಂದಿನ ಅಂಕಿಗಳನ್ನು ನೋಡಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಇನ್ನೊಬ್ಬ ಪಶುವೈದ್ಯರಿಂದಲೂ ಅಳೆಸಿದೆ.

ಮೊದಲನೆಯದು ನೇರ ಅಳತೆ: ಕಾಲುವೆಯ ಎತ್ತರ ಇಷ್ಟು ಮಿಲಿಮೀಟರ್ ಅಂತ ಓದುವುದು. ಸುಲಭ, ಬೇಗ ಆಗುತ್ತದೆ. ಆದರೆ ಇದನ್ನು ನಾನು ಬಿಟ್ಟೇಬಿಟ್ಟೆ. ಯಂತ್ರದಿಂದ ಚಿತ್ರ ಹಿಡಿಯುವ ಪ್ಲೇಟಿಗೆ 100 ಸೆಂಟಿಮೀಟರ್ ದೂರ ಇದ್ದು, ಕತ್ತಿನ ನಡುಭಾಗ ಪ್ಲೇಟಿನಿಂದ 25 ಸೆಂಟಿಮೀಟರ್ ದೂರದಲ್ಲಿದ್ದರೆ, 21 ಮಿಲಿಮೀಟರ್ ಜಾಗ ಚಿತ್ರದಲ್ಲಿ 28 ಆಗಿ ಬೀಳುತ್ತದೆ. ಕುದುರೆ ಐದು ಸೆಂಟಿಮೀಟರ್ ಪಕ್ಕಕ್ಕೆ ಸರಿದರೂ ಅಂಕಿ ಬದಲಾಗುತ್ತದೆ. ಅಳತೆ ಗೊತ್ತಿರುವ ಲೋಹದ ಗುಂಡನ್ನು ಜೊತೆಗಿಟ್ಟು ಸರಿಪಡಿಸಬಹುದು, ನಿಜ. ಆದರೆ ಗುಂಡು ಮೂಳೆ ಇರುವಷ್ಟೇ ದೂರದಲ್ಲಿ ಇರಬೇಕಲ್ವಾ? ನಿಂತಿರುವ ಕುದುರೆಯಲ್ಲಿ ಅದು ಹೇಳಿದಷ್ಟು ಸುಲಭವಲ್ಲ.

ಎರಡನೆಯದು ಒಂದೇ ಮೂಳೆಯೊಳಗಿನ ಅನುಪಾತ. ಕಾಲುವೆ ಅತಿ ಕಿರಿದಾಗಿರುವ ಕಡೆಯ ಎತ್ತರವನ್ನು ಅದೇ ಮೂಳೆಯ ದೇಹದ, ಅಂದರೆ ಕಾಲುವೆಯ ಕೆಳಗಿರುವ ಗಟ್ಟಿ ಭಾಗದ, ತಲೆ ಕಡೆಯ ತುದಿಯ ಗರಿಷ್ಠ ಎತ್ತರದಿಂದ ಭಾಗಿಸುವುದು. ಎರಡೂ ಒಂದೇ ಮೂಳೆಯಲ್ಲಿ ಇರುವುದರಿಂದ ಎರಡೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗುತ್ತವೆ. ದೂರದ ಕಾಟ ಇಲ್ಲ. ಕತ್ತಿನ 4, 5, 6ನೇ ಮೂಳೆಗಳಿಗೆ 0.52, 7ನೆಯದಕ್ಕೆ 0.56 ಅಂತ ಗಡಿ ಇಟ್ಟುಕೊಳ್ಳುವುದು ರೂಢಿ. ಅದಕ್ಕಿಂತ ಕಡಿಮೆ ಬಂದರೆ ಅನುಮಾನ ಜಾಸ್ತಿ.

ನನ್ನ ಮೂರು ಸಲದ ಅಂಕಿಗಳು ಒಂದಕ್ಕೊಂದು ಹತ್ತಿರ ಬಂದಿದ್ದು ಇದರಲ್ಲೇ. ಸಹೋದ್ಯೋಗಿಯ ಅಂಕಿಯೂ ದೂರ ಇರಲಿಲ್ಲ. ಆದರೂ ಒಂದು ವಿಷಯ ನನ್ನನ್ನು ಬೆಚ್ಚಿಬೀಳಿಸಿತು. ಮೂಳೆಯ ದೇಹ 40 ಮಿಲಿಮೀಟರ್, ಕಾಲುವೆ 20 ಇದ್ದರೆ 0.50. ಕರ್ಸರನ್ನು ಒಂದೇ ಒಂದು ಮಿಲಿಮೀಟರ್ ಆಚೆ ಇಟ್ಟು 21 ಅಂತ ಓದಿದರೆ 0.525. ಗಡಿಯ ಈ ಕಡೆ ಇದ್ದ ಕುದುರೆ ಆ ಕಡೆಗೆ ಹೋಯಿತು! ಅದೂ ಸಾಫ್ಟ್‌ವೇರ್ ಮೂರು ದಶಮಾಂಶ ತೋರಿಸುವಾಗ ಎಷ್ಟು ಖಚಿತ ಅನ್ನಿಸುತ್ತದೆ.

ಈ ಒಂದು ಮಿಲಿಮೀಟರ್ ತಪ್ಪುವುದು ಹೆಚ್ಚಾಗಿ ಕತ್ತು ತಿರುಚಿಕೊಂಡಾಗ. ಮೂಳೆ ಸ್ವಲ್ಪ ಓರೆಯಾದರೂ ಎಡಬಲದ ಅಂಚುಗಳು ಒಂದರ ಮೇಲೊಂದು ಕೂರದೆ ಜೋಡಿ ಗೆರೆ ಆಗುತ್ತವೆ. ಯಾವ ಗೆರೆಯಿಂದ ಅಳೆಯಬೇಕು? ನಾನು ಒಂದು ದಿನ ಮೇಲಿನದನ್ನು ಹಿಡಿದಿದ್ದೆ, ಇನ್ನೊಂದು ದಿನ ಕೆಳಗಿನದನ್ನು. ಅಂಥ ಚಿತ್ರವನ್ನು ಅಳೆಯುವುದಕ್ಕಿಂತ ಮತ್ತೆ ತೆಗೆಯುವುದೇ ಲೇಸು. ಕುದುರೆಗೆ ಮಂಪರು ಕೊಟ್ಟು, ತಲೆಗೆ ಆಸರೆ ಇಟ್ಟು, ಕತ್ತನ್ನು ನೇರ ಮಾಡಿ ತೆಗೆದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮೂರನೆಯದು ಎರಡು ಮೂಳೆಗಳ ನಡುವಿನ ಅನುಪಾತ. ತಲೆ ಕಡೆಯ ಮೂಳೆಯ ಕಮಾನಿನ (ಕಾಲುವೆಯ ಮೇಲಿನ ಛಾವಣಿಯ) ಹಿಂದಿನ ಅಂಚಿನಿಂದ ಅದರ ಹಿಂದೆ ಬರುವ ಮೂಳೆಯ ದೇಹದವರೆಗಿನ ಕಿರಿದಾದ ಜಾಗವನ್ನು ಅಳೆದು, ಆ ದೇಹದ ಎತ್ತರದಿಂದ ಭಾಗಿಸುವುದು. ಇದರ ಮೇಲೆ ನನಗೆ ತುಂಬಾ ಆಸೆ ಇತ್ತು. ಯಾಕೆಂದರೆ ಬೆನ್ನುಹುರಿ ಒತ್ತಿಹೋಗುವುದು ಎಷ್ಟೋ ಸಲ ಎರಡು ಮೂಳೆ ಸೇರುವ ಜಾಗದಲ್ಲೇ. ಒಂದೇ ಮೂಳೆಯೊಳಗೆ ಅಳೆದರೆ ಅದು ತಪ್ಪಿಹೋಗಬಹುದು. ಆದರೆ ನನ್ನ ಅಂಕಿಗಳು ಅತಿ ಹೆಚ್ಚು ಚೆಲ್ಲಾಪಿಲ್ಲಿಯಾಗಿದ್ದೂ ಇಲ್ಲೇ. ಕಮಾನಿನ ಅಂಚು ಮಸುಕಾಗಿರುತ್ತದೆ. 6 ಮತ್ತು 7ರ ನಡುವೆ ಭುಜದ ದಪ್ಪ ಮಾಂಸ ಅಡ್ಡ ಬರುತ್ತದೆ, ಕೀಲು ಊದಿಕೊಂಡಿದ್ದರೆ ಅದರ ನೆರಳೂ ಬೀಳುತ್ತದೆ. ಮೇಲಾಗಿ ಕುದುರೆ ತಲೆ ಬಗ್ಗಿಸಿದರೆ, ಎತ್ತಿದರೆ ಈ ಜಾಗವೇ ಬದಲಾಗುತ್ತದೆ. ಅಳತೆ ಕೆಟ್ಟದ್ದಲ್ಲ, ಆದರೆ ತಲೆ ಯಾವ ಎತ್ತರದಲ್ಲಿತ್ತು ಅಂತ ಬರೆಯದಿದ್ದರೆ ಎರಡು ದಿನದ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ.

ಈಗ ನಾನು ಎರಡನೆಯದನ್ನೇ ಮುಖ್ಯವಾಗಿ ಹಿಡಿಯುತ್ತೇನೆ, ಮೂರನೆಯದನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಅಂಕಿ 0.45ರ ಹತ್ತಿರ ಬಂದರೆ ಒಂದೆರಡು ಮಿಲಿಮೀಟರ್ ತಪ್ಪಿದರೂ ಅನುಮಾನ ಪೂರ್ತಿ ಹೋಗುವುದಿಲ್ಲ. ಆದರೆ 0.50ರಿಂದ 0.54ರ ಒಳಗೆ ಬಂದರೆ ಅದರಿಂದ ತೀರ್ಮಾನ ಹೇಳುವುದಿಲ್ಲ. ಆ ಕುದುರೆಯನ್ನು ಮತ್ತೆ ನಡೆಸಿ ನೋಡುತ್ತೇನೆ, ಸಣ್ಣ ಸುತ್ತಿನಲ್ಲಿ ತಿರುಗಿಸುತ್ತೇನೆ. ಬೇಕಾದರೆ ಬೆನ್ನುಹುರಿಯ ಸುತ್ತ ಎಕ್ಸ್-ರೇಯಲ್ಲಿ ಕಾಣುವ ದ್ರವ ಬಿಟ್ಟು ತೆಗೆಯುವ ಮೈಲೋಗ್ರಾಮ್‌ಗೆ ಕಳಿಸುತ್ತೇನೆ. ಅದಕ್ಕೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಕು, ನಡಿಗೆಯಲ್ಲಿ ತೊಂದರೆ ಇರುವ ಕುದುರೆ ಎದ್ದು ನಿಲ್ಲುವಾಗ ಅಪಾಯವೂ ಇದೆ. ಹಾಗಾಗಿ ಸುಮ್ನೆ ಕಳಿಸುವುದಿಲ್ಲ. ವರದಿಯಲ್ಲಿ ಒಂದು ಅಂಕಿಯ ಬದಲು ಮೂರು ಸಲದ ಅಂಕಿಗಳನ್ನೂ ಬರೆಯುತ್ತೇನೆ. ಪಕ್ಕದಲ್ಲಿ ಮೂಳೆ ನೇರವಾಗಿತ್ತೋ ಓರೆಯಾಗಿತ್ತೋ, ತಲೆ ಎಲ್ಲಿತ್ತು ಅಂತಲೂ.