ಮರಣದಂಡನೆಯ ಆರು ಪಾಠಗಳು: ಕೊನೆಗೆ ಇಟ್ಟದ್ದನ್ನು ಮೊದಲು ಕೇಳಿ

ಮರಣದಂಡನೆ ನ್ಯಾಯವೇ ಎಂಬ ವಿಷಯವನ್ನು ಕುರಿತು ಆರು ಉಪನ್ಯಾಸಗಳಿರುವ ಆನ್‌ಲೈನ್ ಕೋರ್ಸೊಂದನ್ನು ಕಳೆದ ತಿಂಗಳು ಕೇಳಿ ಮುಗಿಸಿದೆ. ಹಣ ಕೊಟ್ಟಿದ್ದಕ್ಕೆ ಬೇಸರವಿಲ್ಲ. ಆದರೆ ಪಾಠಗಳನ್ನು ಜೋಡಿಸಿರುವ ಕ್ರಮದ ಬಗ್ಗೆ ನನ್ನದೊಂದು ಗಟ್ಟಿ ತಕರಾರಿದೆ.

ಮೊದಲ ಎರಡು ಪಾಠಗಳು ಈ ಕೋರ್ಸಿನ ಜೀವಾಳ. ದ್ವೀಪವೊಂದರ ಜನರೆಲ್ಲ ತಮ್ಮ ಸಮಾಜವನ್ನೇ ವಿಸರ್ಜಿಸಿ ಚದುರಿಹೋಗಲು ತೀರ್ಮಾನಿಸಿದರೂ, ಹೊರಡುವ ಮುನ್ನ ಸೆರೆಮನೆಯಲ್ಲಿರುವ ಕೊನೆಯ ಕೊಲೆಗಾರನಿಗೆ ಮರಣದಂಡನೆ ಆಗಲೇಬೇಕು ಎಂಬ ಜರ್ಮನ್ ತತ್ತ್ವಜ್ಞಾನಿ ಕಾಂಟನ ವಾದವನ್ನು ಉಪನ್ಯಾಸಕರು ಅವಸರವಿಲ್ಲದೆ ಬಿಡಿಸುತ್ತಾರೆ. ಅಲ್ಲಿ ಹೆದರಿಸಬೇಕಾದವರು ಯಾರೂ ಉಳಿದಿಲ್ಲ, ಆ ಸಾವಿನಿಂದ ಯಾರಿಗೂ ಲಾಭವಿಲ್ಲ. ಆದರೂ ಶಿಕ್ಷೆ ಸಲ್ಲಲೇಬೇಕು. ಸೇಡಿಗೂ ತಕ್ಕ ಶಿಕ್ಷೆಗೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ವಿವರಿಸಿದ್ದನ್ನು ನಾನು ಬೇರೆಲ್ಲೂ ಕೇಳಿರಲಿಲ್ಲ. ಇದಕ್ಕೆ ಎದುರಾಗಿ, ಶಿಕ್ಷೆಯ ತೀವ್ರತೆಗಿಂತ ಅದರ ಅವಧಿಯೇ ಮನುಷ್ಯನ ಮನಸ್ಸನ್ನು ಹೆಚ್ಚು ತಟ್ಟುತ್ತದೆ ಎಂದು 1764ರಲ್ಲಿ ವಾದಿಸಿದ ಇಟಲಿಯ ಚಿಂತಕ ಬೆಕಾರಿಯಾ ಬರುತ್ತಾನೆ. ಅವನು ಮರಣದಂಡನೆಗೆ ಬದಲಾಗಿ ಸೂಚಿಸಿದ್ದು ಜೀವನಪರ್ಯಂತದ ಜೀತದಂಥ ದುಡಿಮೆಯನ್ನು ಎಂಬುದನ್ನು ಕೋರ್ಸು ಮುಚ್ಚಿಡುವುದಿಲ್ಲ. (ಅವನನ್ನು ಬರೀ ಕರುಣೆಯ ವಕೀಲನೆಂದು ಮೆಚ್ಚುವವರು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.)

ಗಲ್ಲಿನ ಭಯದಿಂದ ಕೊಲೆಗಳು ಕಡಿಮೆಯಾಗುತ್ತವೆಯೇ ಎಂಬ ಚರ್ಚೆಗೆ ಎರಡು ಪಾಠಗಳು ಬೇಕಿರಲಿಲ್ಲ. ಪ್ರತಿಯೊಂದು ಮರಣದಂಡನೆ ಏಳೆಂಟು ಕೊಲೆಗಳನ್ನು ತಡೆದಿರಬಹುದು ಎಂದು 1975ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಐಸಾಕ್ ಅರ್ಲಿಕ್ ಮಾಡಿದ ಅಂದಾಜು, ಅಲ್ಲಿಯವರೆಗಿನ ಅಧ್ಯಯನಗಳಿಂದ ಯಾವ ತೀರ್ಮಾನಕ್ಕೂ ಬರಲಾಗದು ಎಂದು 2012ರಲ್ಲಿ ಅದೇ ದೇಶದ ರಾಷ್ಟ್ರೀಯ ಸಂಶೋಧನಾ ಮಂಡಳಿ ಹೇಳಿದ್ದು, ಇವೆರಡೇ ಸಾಕಿತ್ತು. ದೇಶಗಳ ಪಟ್ಟಿಯಂತಿರುವ ಐದನೆಯ ಪಾಠವನ್ನು ಹಾರಿಸಿ ಮುಂದೆ ಹೋದರೂ ನಷ್ಟವಿಲ್ಲ.

ನನ್ನ ತಕರಾರು ಇರುವುದು ಆರನೆಯ ಪಾಠದಲ್ಲಿ. ನಿರಪರಾಧಿಗೆ ಶಿಕ್ಷೆಯಾದರೆ ಏನು ಗತಿ ಎಂಬ ಪ್ರಶ್ನೆಗೆ ಅಲ್ಲಿ ಸಿಕ್ಕಿರುವುದು ಹನ್ನೆರಡೇ ನಿಮಿಷ. ತನ್ನ ಹಸುಗೂಸನ್ನು ಕೊಂದನೆಂದು 1950ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದ ಟಿಮೊತಿ ಇವಾನ್ಸನ ಕಥೆಯನ್ನು ಉಪನ್ಯಾಸಕರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಅವನ ವಿರುದ್ಧ ಮುಖ್ಯ ಸಾಕ್ಷಿ ನುಡಿದಿದ್ದ, ಅದೇ ಮನೆಯಲ್ಲಿ ವಾಸವಿದ್ದ ಕ್ರಿಸ್ಟಿ ಸರಣಿ ಕೊಲೆಗಾರನೆಂದು ಮೂರು ವರ್ಷಗಳ ಬಳಿಕ ಬಯಲಾಯಿತು. ಇವಾನ್ಸನಿಗೆ ಕ್ಷಮಾದಾನ ದೊರೆತದ್ದು 1966ರಲ್ಲಿ, ಸತ್ತು ಹದಿನಾರು ವರ್ಷಗಳಾದ ಮೇಲೆ. ಕೊಲೆಗಾರನು ಸಾವಿಗೆ ಅರ್ಹನೇ ಎಂಬುದು ಒಂದು ಪ್ರಶ್ನೆ; ತಪ್ಪು ಮಾಡಬಲ್ಲ ಪೊಲೀಸರು, ಸಾಕ್ಷಿಗಳು, ನ್ಯಾಯಾಲಯಗಳನ್ನು ನಂಬಿ ಆ ಸಾವನ್ನು ವಿಧಿಸುವ ಅಧಿಕಾರ ಪ್ರಭುತ್ವಕ್ಕಿದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು ಎಂದವರು ಎರಡನೆಯದಕ್ಕೆ ಇಲ್ಲ ಎನ್ನಬಹುದು; ನಾನೂ ಅಂಥವನೇ. ಆದರೆ ಕೋರ್ಸಿನ ಕೊನೆಯಲ್ಲಿ ತೆರೆದುಕೊಳ್ಳುವ ಮತಪೆಟ್ಟಿಗೆಯಲ್ಲಿ 'ಪರ' ಮತ್ತು 'ವಿರೋಧ' ಎಂಬ ಎರಡೇ ಗುಂಡಿಗಳಿವೆ. ನಾನು ಯಾವುದನ್ನೂ ಒತ್ತಲಿಲ್ಲ. ಒತ್ತದಿದ್ದರೆ ಪ್ರಮಾಣಪತ್ರವೂ ಸಿಗುವುದಿಲ್ಲ.

ಧ್ವನಿ ಸ್ಪಷ್ಟವಾಗಿದೆ, ಆದರೆ ಜೊತೆಗೆ ಕೊಡುವ ಲಿಖಿತ ಪಾಠದಲ್ಲಿ ಇಸವಿಗಳು ಕೆಲವೆಡೆ ಅದಲುಬದಲಾಗಿವೆ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಎರಡನೆಯ ಬಾರಿ ಕೇಳುವಾಗ ಆರನೆಯ ಪಾಠದಿಂದಲೇ ಆರಂಭಿಸಿದೆ. ಕಾಂಟನ ದ್ವೀಪಕ್ಕೆ ಬರುವಷ್ಟರಲ್ಲಿ, ಆ ಸೆರೆಮನೆಯಲ್ಲಿ ಉಳಿದಿರುವವನೇ ಕೊಲೆ ಮಾಡಿದ್ದೆಂದು ದ್ವೀಪದವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಕೆನಿಸಿತು.